ಓದುಗರ ಸ್ಪಂದನ: ಸಲಮಾಂಕಾನಾ, ಮೆಕ್ಸಿಕೋನಾ?

ಕಳೆದ ಸಲ ದಾವಣಗೆರೆಯ ಯುವತಿಯೊಬ್ಬರು ಬರೆದಿದ್ದರು. ಬಿ.ಎ. ಎರಡನೇ ವರ್ಷ, ಜೊತೆಗೆ ಸ್ಪ್ಯಾನಿಶ್. ಒಂದು ಸೆಮಿಸ್ಟರ್ ಹೊರದೇಶದಲ್ಲಿ ಓದುವ ಅವಕಾಶ ಬಂದಿದೆ. ಸ್ಪೇನ್‌ನ ಸಲಮಾಂಕಾ, ಮೆಕ್ಸಿಕೋ ಸಿಟಿ, ಅರ್ಜೆಂಟೀನಾದ ಬ್ಯೂನಸ್ ಐರಿಸ್, ಮೂರರಲ್ಲಿ ಒಂದು. ಅಪ್ಪ ಯುರೋಪೇ ಆಗಬೇಕು ಅಂತಾರೆ, ಅಮ್ಮನಿಗೆ ಯಾವುದೂ ಬೇಡ, ಇವರಿಗೆ ಊಟದ ಚಿಂತೆ. ಬಂದ ಪತ್ರಗಳಲ್ಲಿ ಕೆಲವು ಅವರು ಕೇಳಿದ್ದಕ್ಕೆ ಉತ್ತರ, ಕೆಲವು ಕೇಳದೇ ಇದ್ದದ್ದಕ್ಕೆ.

*

ಅಲ್ಲಿ ಓದಿದ ಪೇಪರಿನ ಕ್ರೆಡಿಟ್ ಇಲ್ಲಿ ಲೆಕ್ಕಕ್ಕೆ ಬರುತ್ತಾ ಅಂತ ಕಾಲೇಜಿನಲ್ಲಿ ಬರೆಸಿಕೊಂಡಿದ್ದೀಯೇನಮ್ಮ? ನಿನ್ನ ಪತ್ರದಲ್ಲಿ ಊಟದ ಬಗ್ಗೆ ಹನ್ನೊಂದು ಸಾಲಿದೆ, ಓದಿನ ಬಗ್ಗೆ ಒಂದು.
– ನಿವೃತ್ತ ಹೆಡ್‌ಮಾಸ್ಟರ್, ಹರಿಹರ

*

ಮೇಷ್ಟ್ರು ಎಣಿಸಿದ್ದು ಸರಿ. ಆದರೆ ಊಟವೂ ಓದೇ ಅನ್ನುವ ಪತ್ರ ಮುಂದಿದೆ.

*

ಕೆಲಸದ ಮೇಲೆ ಎರಡು ವರ್ಷ ಬ್ಯೂನಸ್ ಐರಿಸ್‌ನಲ್ಲಿದ್ದೆ, ಆಮೇಲೆ ಒಂದು ವರ್ಷ ಮೆಕ್ಸಿಕೋ ಸಿಟಿಯಲ್ಲಿ. ಯಾವ ದೇಶದ ಸ್ಪ್ಯಾನಿಶ್ ಶುದ್ಧ ಅಂತ ತಲೆ ಕೆಡಿಸಿಕೊಳ್ಳಬೇಡಿ. ನಾವು ದಾವಣಗೆರೆಯವರು ಮೈಸೂರಿಗೆ ಹೋದರೆ ಹುಬ್ಬಳ್ಳಿ ಕಡೆಯವರಾ ಅಂತಾರೆ, ಹುಬ್ಬಳ್ಳಿಗೆ ಹೋದರೆ ಬೆಂಗಳೂರು ಕಡೆಯವರಾ ಅಂತಾರೆ, ಅಲ್ವಾ? ಇದೂ ಹಾಗೇ. ಥ್ಯಾಂಕ್ಸ್ ಅನ್ನೋಕೆ ಸಲಮಾಂಕಾದಲ್ಲಿ 'ಗ್ರಾಥಿಯಾಸ್', ಮೆಕ್ಸಿಕೋದಲ್ಲಿ 'ಗ್ರಾಸಿಯಾಸ್'. 'ನಾನು' ಅನ್ನೋ 'ಯೋ' ಬ್ಯೂನಸ್ ಐರಿಸ್‌ನವರ ಬಾಯಲ್ಲಿ 'ಶೋ' ಆಗುತ್ತೆ, 'ನೀನು' ಅನ್ನೋಕೆ 'ತೂ' ಬಿಟ್ಟು 'ವೋಸ್' ಅಂತಾರೆ. ಒಂದು ತಿಂಗಳಲ್ಲಿ ಕಿವಿ ಒಗ್ಗುತ್ತೆ.

ಒಗ್ಗದೇ ಇರೋದು ಊಟದ ಪದಗಳು. ಬ್ಯೂನಸ್ ಐರಿಸ್‌ನಲ್ಲಿ 'ಮಾಂತೆಕಾ' ಅಂದರೆ ಬೆಣ್ಣೆ. ಬೆಣ್ಣೆ ದೋಸೆ ಊರಿನ ನಾಲಿಗೆ, ದಿನಾ ಬ್ರೆಡ್ಡಿಗೆ ಬಳಿದುಕೊಂಡು ತಿಂದೆ. ಅದೇ ಪದ ಹಿಡಿದುಕೊಂಡು ಮೆಕ್ಸಿಕೋಗೆ ಹೋದೆ. ಅಲ್ಲೊಂದು ಸಣ್ಣ ಹೋಟೆಲಿನ ಅಜ್ಜಿ, ಅರೆದ ಕಾಳಿನ ಪಲ್ಯಕ್ಕೆ ಮಾಂತೆಕಾ ಹಾಕಿದೀನಿ ಅಂತ ಹೆಮ್ಮೆಯಿಂದ ಹೇಳಿದರು. ಬೆಣ್ಣೆ ಹಾಕಿದ ಕಾಳು, ಇನ್ನೇನು ಬೇಕು, ಎರಡು ಸಲ ಹಾಕಿಸಿಕೊಂಡೆ. ಅಲ್ಲಿ ಆ ಪದಕ್ಕೆ ಹಂದಿ ಕೊಬ್ಬು ಅಂತ ಅರ್ಥ. ಗೊತ್ತಾಗಿದ್ದು ಒಂದು ವಾರದ ಮೇಲೆ! 'ಸಿನ್ ಮಾಂತೆಕಾ', ಅಂದರೆ ಅದು ಹಾಕಬೇಡಿ, ಇದನ್ನ ವಿಮಾನ ಹತ್ತೋ ಮೊದಲೇ ಬಾಯಿಪಾಠ ಮಾಡಿ. ಹಾಗೇ ಸ್ಪೇನ್‌ನಲ್ಲಿ 'ತೊರ್ತಿಯಾ' ಕೇಳಿದರೆ ಮೊಟ್ಟೆ, ಆಲೂಗಡ್ಡೆ ಬರುತ್ತೆ. ಮೆಕ್ಸಿಕೋದಲ್ಲಿ ರೊಟ್ಟಿ ಬರುತ್ತೆ.
– ವಿದ್ಯಾನಗರ, ದಾವಣಗೆರೆ

*

ತುಸು ಉದ್ದದ ಪತ್ರ ಇದು. ಕತ್ತರಿಸಲು ಮನಸ್ಸಾಗಲಿಲ್ಲ.

*

ನಿನ್ನ ಪತ್ರ ಓದಿ ಅವತ್ತು ರಾತ್ರಿ ಬೀರು ತೆಗೆದು ನನ್ನ ಹಳೇ ಪಾಸ್‌ಪೋರ್ಟ್ ಹುಡುಕಿದೆ. 1998ರದ್ದು. ಎರಡು ಜಡೆ ಹಾಕಿಕೊಂಡ ಫೋಟೋ, ಒಳಗೆ ಒಂದೂ ಸೀಲಿಲ್ಲ. 2008ಕ್ಕೆ ಅವಧಿ ಮುಗೀತು. ನಾನೂ ಸ್ಪ್ಯಾನಿಶ್ ಓದಿದವಳೇ. ಆಗ ಒಂದು ವರ್ಷಕ್ಕೆ ಹೋಗೋ ಅವಕಾಶ ಬಂತು, ಸ್ಪೇನ್ ಅಥವಾ ಮೆಕ್ಸಿಕೋ, ನಾವೇ ಆರಿಸಿ ಫಾರಂ ತುಂಬಬೇಕಿತ್ತು. ಅಣ್ಣ ಬೇಡ ಅಂದ, ಮದುವೆ ಆಯ್ತು, ಈಗ ಸಹಕಾರಿ ಬ್ಯಾಂಕಿನ ಕ್ಯಾಶ್ ಕೌಂಟರ್‌ನಲ್ಲಿದ್ದೀನಿ. ಅಣ್ಣನಿಂದ ತಪ್ಪಿತು ಅಂತಲೇ ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ, ನನ್ನ ಮಗಳಿಗೂ ಹಾಗೇ ಹೇಳಿದೀನಿ. ನಿಜ ಏನಂದರೆ ಅಣ್ಣ ಬೇಡ ಅನ್ನೋಕೆ ಮುಂಚೆ ಮೂರು ವಾರ ಆ ಫಾರಂ ನನ್ನ ಬ್ಯಾಗಿನಲ್ಲೇ ಇತ್ತು. ದೇಶದ ಹೆಸರು ಬರೆಯೋ ಜಾಗ ಒಂದು ಖಾಲಿ. ಮೇಷ್ಟ್ರನ್ನ ಕೇಳಿದೆ, ಗೆಳತಿಯರನ್ನ ಕೇಳಿದೆ, ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಕೇಳಿದೆ. ಒಬ್ಬರು ಸ್ಪೇನ್ ಅಂದರೆ ಇನ್ನೊಬ್ಬರು ಮೆಕ್ಸಿಕೋ. ಅಣ್ಣ ಬೇಡ ಅಂದ ದಿನ, ಹೇಳ್ತೀನಿ ಕೇಳು, ಒಂಥರಾ ಹಗುರ ಆಯ್ತು.

ಈಗಲೂ ನೋಟು ಎಣಿಸುವಾಗ ಉನೋ, ದೋಸ್, ತ್ರೇಸ್ ಅಂತಲೇ ಎಣಿಸ್ತೀನಿ, ತುಟಿ ಅಲ್ಲಾಡದ ಹಾಗೆ. ಯಾವ ದೇಶ ಅಂತ ನಾನು ಹೇಳಲ್ಲ ಕಣೇ.
– ಚಿತ್ರದುರ್ಗ

*

ಅವರು ಹೇಳದೆ ಬಿಟ್ಟ ಹೆಸರನ್ನು ಜಗಳೂರಿನ ರೈತರೊಬ್ಬರು ಹೇಳಿದ್ದಾರೆ, ಅವರದೇ ಕಾರಣಕ್ಕೆ.

*

ನಮ್ಮ ಜಿಲ್ಲೆಯಲ್ಲಿ ಎಲ್ಲಿ ನೋಡಿದರೂ ಮೆಕ್ಕೆಜೋಳ. ಅದು ಹುಟ್ಟಿದ್ದೇ ಮೆಕ್ಸಿಕೋದಲ್ಲಿ, ಸುಮಾರು 9000 ವರ್ಷದ ಹಿಂದೆ. ನಾವು ಬೆಳೆದು ಕೋಳಿ ಫಾರಂಗೆ ಕಳಿಸ್ತೀವಿ, ಅವರು ಸುಣ್ಣದ ನೀರಲ್ಲಿ ಬೇಯಿಸಿ, ರುಬ್ಬಿ, ರೊಟ್ಟಿ ಮಾಡಿ ಮೂರು ಹೊತ್ತೂ ತಿಂತಾರೆ. ನೀಲಿ ತೆನೆ, ಕೆಂಪು ತೆನೆ ಎಲ್ಲಾ ಇದೆಯಂತೆ. ಅಲ್ಲಿಗೇ ಹೋಗವ್ವ, ಬರುವಾಗ ಒಂದು ಹಿಡಿ ನೀಲಿ ಬೀಜ ತಗೊಂಡು ಬಾ.
– ಜಗಳೂರು ತಾಲ್ಲೂಕು

*

ಬೀಜ ಬೇಡ, ಪರ್ಮಿಟ್ ಇಲ್ಲದೆ ತಂದರೆ ಏರ್‌ಪೋರ್ಟಿನಲ್ಲಿ ಹಿಡಿಯುತ್ತಾರೆ. ಫೋಟೋ ತರಲಿ. ಸ್ಪೇನ್ ಪರವಾಗಿ ಬಂದ ಪತ್ರಗಳೂ ಹನ್ನೆರಡು ಇವೆ. ಸಲಮಾಂಕಾ ವಿಶ್ವವಿದ್ಯಾಲಯ 1218ರದ್ದು ಅಂತ ಎಲ್ಲವೂ ನೆನಪಿಸಿವೆ. ಅಪ್ಪನಿಗೆ ತೋರಿಸಲು ಬೇಕಾದರೆ ಕಳಿಸಿಕೊಡುತ್ತೇವೆ.

ಕೊನೆಯದು ಒಂದು ಪೋಸ್ಟ್ ಕಾರ್ಡು, ಹೆಸರಿಲ್ಲ, ದಾವಣಗೆರೆಯ ಮುದ್ರೆ ಇದೆ.

*

ಅವಳು ಎಲ್ಲಿಗಾದರೂ ಹೋಗಲಿ. ಮನೆ ಕೆಲಸ ಮುಗಿಸಿ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದರೆ ಎತ್ತೋ ದೇಶ ಯಾವುದು, ಅಷ್ಟು ಹೇಳಿ ಸಾಕು.

*

ಆಗ ಬ್ಯೂನಸ್ ಐರಿಸ್‌ನಲ್ಲಿ ಮಧ್ಯಾಹ್ನ 12:30. ಸ್ಪೇನ್‌ನಲ್ಲಿ ಸಂಜೆ 4:30, ಬೇಸಿಗೆಯಾದರೆ 5:30. ಮೆಕ್ಸಿಕೋದಲ್ಲಿ ಬೆಳಗ್ಗೆ 9:30, ಕ್ಲಾಸಿಗೆ ಹೊರಟಿರುತ್ತಾಳೆ. ಎತ್ತುತ್ತಾಳೆ, ಅಮ್ಮ.