ಪೋಸ್ಟ್‌ಮ್ಯಾನ್‌ಗೆ ಹಬ್ಬದ ಇನಾಮು: ನೋಟು ಬೇಡ, ಕಾರ್ಡು ಸಾಕು

ಪ್ರಶ್ನೆ (ಎಡಿಸನ್, ನ್ಯೂಜೆರ್ಸಿ): ಅಮೆರಿಕಕ್ಕೆ ಬಂದು ನಮಗಿದು ಮೊದಲನೇ ಡಿಸೆಂಬರ್. ಊರಲ್ಲಾದ್ರೆ ಆಯುಧಪೂಜೆ, ದೀಪಾವಳಿಗೆ ಪೋಸ್ಟ್‌ಮ್ಯಾನು, ಪೇಪರ್ ಹುಡುಗ, ಕಸದ ಗಾಡಿಯವರು ಬಾಗಿಲಿಗೇ ಬಂದು "ಖುಷಿ ಕೊಡಿ ಸಾರ್" ಅನ್ನೋರು, ನೂರೋ ಇನ್ನೂರೋ ಕೈಗಿಟ್ಟರೆ ಮುಗೀತಿತ್ತು. ಇಲ್ಲಿ ಯಾರೂ ಕೇಳಲ್ಲ, ಆದ್ರೆ ಪಕ್ಕದ ಮನೆಯವರು ಕ್ರಿಸ್‌ಮಸ್‌ಗೆ ಏನೋ ಕೊಡ್ತಾರಂತೆ. ಲಕೋಟೆಯಲ್ಲಿ 50 ಡಾಲರ್ ನೋಟಿಟ್ಟು ಮೇಲ್‌ಬಾಕ್ಸ್‌ಗೆ ಹಾಕಿಬಿಡಲಾ?

ಉತ್ತರ (ಅಂಚೆ ಸೂಪರ್‌ವೈಸರ್): ಬೇಡ ಸರ್. ನಿಮಗದು ಉದಾರತನ, ಟಪಾಲು ಹಂಚುವ ಕ್ಯಾರಿಯರ್‌ಗೆ ಅದೇ ತಲೆನೋವು. ಯುಎಸ್‌ಪಿಎಸ್‌, ಅಂದರೆ ಅಮೆರಿಕದ ಅಂಚೆ ಇಲಾಖೆಯವರಿಗೆ ಫೆಡರಲ್ (ಕೇಂದ್ರ ಸರ್ಕಾರಿ) ನೌಕರರ ನೀತಿ ನಿಯಮಗಳು ಅನ್ವಯಿಸುತ್ತವೆ (ಕೋಡ್ ಆಫ್ ಫೆಡರಲ್ ರೆಗ್ಯುಲೇಶನ್ಸ್, 5ನೇ ಟೈಟಲ್, 2635ನೇ ಭಾಗ). ಅದರ ಪ್ರಕಾರ ನಗದು ಒಂದು ಡಾಲರೂ ತೆಗೆದುಕೊಳ್ಳುವಂತಿಲ್ಲ. ಚೆಕ್ ಆಗಲಿ, ಫೋನಿನಲ್ಲೇ ದುಡ್ಡು ಕಳಿಸುವ ಜೆಲ್, ವೆನ್ಮೋ ಆಗಲಿ ನಗದಿನ ಲೆಕ್ಕವೇ. ಎಲ್ಲಿ ಬೇಕಾದರೂ ಉಜ್ಜಬಹುದಾದ ವೀಸಾ, ಮಾಸ್ಟರ್‌ಕಾರ್ಡ್ ಗಿಫ್ಟ್ ಕಾರ್ಡೂ ದುಡ್ಡಿಗೆ ಸಮ, ಅದೂ ಬೇಡ.

ವಸ್ತು ರೂಪದಲ್ಲಿ ಕೊಡಬಹುದು, ಒಂದು ಸಂದರ್ಭಕ್ಕೆ 20 ಡಾಲರ್ ಬೆಲೆಯವರೆಗೆ. ಒಬ್ಬ ಗ್ರಾಹಕರಿಂದ ಒಂದು ಕ್ಯಾಲೆಂಡರ್ ವರ್ಷದಲ್ಲಿ ಎಲ್ಲ ಸೇರಿ 50 ಡಾಲರ್ ದಾಟಬಾರದು. ಒಂದೇ ಅಂಗಡಿಯಲ್ಲೋ ಕಾಫಿ ಸರಪಳಿಯಲ್ಲೋ ನಡೆಯುವ, ನಗದಾಗಿ ಬದಲಾಯಿಸಲಾಗದ ಗಿಫ್ಟ್ ಕಾರ್ಡ್ ಈ ಮಿತಿಯೊಳಗಿದ್ದರೆ ತೊಂದರೆಯಿಲ್ಲ. ಸ್ಟಾರ್‌ಬಕ್ಸ್, ಡಂಕಿನ್ ಕಾರ್ಡುಗಳು ಓಡುವುದು ಅದಕ್ಕೇ. 15 ಡಾಲರಿನ ಕಾರ್ಡು, ಜೊತೆಗೆ ಎರಡು ಸಾಲು ಬರೆದ ಕಾಗದ. ಇಷ್ಟೇ ಸಾಕು, ಇದಕ್ಕಿಂತ ತಲೆ ಕೆಡಿಸಿಕೊಳ್ಳಬೇಡಿ.

ಮರುಪ್ರಶ್ನೆ (ಅದೇ ಎಡಿಸನ್): 25ರ ಕಾರ್ಡು ಕೊಟ್ಟು ಮೇಲಿನ 5 ಡಾಲರ್ ಅವರೇ ನಮಗೆ ವಾಪಸ್ ಕೊಟ್ಟರೆ?

ಉತ್ತರ (ಅಂಚೆ ಸೂಪರ್‌ವೈಸರ್): ಆ ದಾರಿಯನ್ನೂ ನಿಯಮ ಮುಚ್ಚಿದೆ. 20 ದಾಟಿದ ಉಡುಗೊರೆಯಲ್ಲಿ ಹೆಚ್ಚಿನ ಭಾಗವನ್ನಷ್ಟೇ ತೀರಿಸಿ ಉಳಿದದ್ದನ್ನು ಇಟ್ಟುಕೊಳ್ಳುವಂತಿಲ್ಲ. ಒಂದೋ ವಾಪಸ್ ಕೊಡಬೇಕು, ಇಲ್ಲವೇ ಪೂರ್ತಿ ಬೆಲೆ ತೆರಬೇಕು. ಆದರೆ ಬಿಡಿಬಿಡಿ ಎರಡು ವಸ್ತು ಇದ್ದರೆ ಒಂದನ್ನು ಬಿಟ್ಟು ಇನ್ನೊಂದನ್ನು ತೆಗೆದುಕೊಳ್ಳಬಹುದು. 12 ಡಾಲರಿನ ಮಗ್ಗು, 15ರ ಕಾರ್ಡು ಒಟ್ಟಿಗೆ ಕೊಟ್ಟಿರಿ ಅಂದುಕೊಳ್ಳಿ, 27 ಆಯಿತು. ಆತ ಒಂದನ್ನು ನಿಮಗೇ ಹಿಂತಿರುಗಿಸಬೇಕು. ಬಾಗಿಲಲ್ಲಿ ನಿಂತು ಈ ಮುಜುಗರ ಯಾಕೆ?

ಪ್ರಶ್ನೆ (ಫ್ರೀಮಾಂಟ್, ಕ್ಯಾಲಿಫೋರ್ನಿಯಾ): ನಾವು ದೀಪಾವಳಿಗೇ ಸ್ವೀಟ್ ಬಾಕ್ಸ್ ಕೊಡೋ ರೂಢಿ. ಡಿಸೆಂಬರಲ್ಲಿ ಮತ್ತೆ ಕೊಡಬಹುದಾ? ಮನೇಲಿ ಮಾಡಿದ ಚಕ್ಕುಲಿ, ಮೈಸೂರುಪಾಕು ಕೊಟ್ಟರೆ ತಿಂತಾರಾ?

ಉತ್ತರ (ಅಂಚೆ ಸೂಪರ್‌ವೈಸರ್): ಎರಡು ಸಂದರ್ಭ, ಎರಡು ಸಲ ಕೊಡಬಹುದು ಮೇಡಂ. ದೀಪಾವಳಿಗೆ 20, ಕ್ರಿಸ್‌ಮಸ್‌ಗೆ 20 ಆದರೆ 40. ಆ ವರ್ಷದ ಲೆಕ್ಕದಲ್ಲಿ ಉಳಿದದ್ದು 10. ಗಂಡನ ಹೆಸರಲ್ಲೊಂದು, ಹೆಂಡತಿ ಹೆಸರಲ್ಲೊಂದು ಅಂತ ಜಾಣತನ ಮಾಡದೆ ಮನೆಯನ್ನು ಒಂದೇ ಎಂದು ಎಣಿಸಿಕೊಂಡರೆ ಕ್ಷೇಮ.

ಮನೆ ತಿಂಡಿಗೆ ನಿಯಮದ ಅಡ್ಡಿಯಿಲ್ಲ, ವ್ಯವಹಾರದ ಅಡ್ಡಿಯಿದೆ. ಒಂದು ರೂಟಿನಲ್ಲಿ ನೂರಾರು ಮನೆ. ಏನು ಹಾಕಿದ್ದಾರೆ ಎಂದು ಗೊತ್ತಿಲ್ಲದ ತಿಂಡಿಯನ್ನು ಬಹಳ ಜನ ಬಾಯಿಗಿಡುವುದಿಲ್ಲ. ಗೋಡಂಬಿ, ಕಡಲೆಕಾಯಿ, ಎಳ್ಳು ಇಲ್ಲಿ ಅಲರ್ಜಿಯ ದೊಡ್ಡ ವಿಷಯ. ಕಾಜು ಕತ್ಲಿಯನ್ನು ನೋಡಿದರೆ ಅದು ಗೋಡಂಬಿಯದ್ದೆಂದು ಈ ಊರಿನವರಿಗೆ ಹೊಳೆಯುವುದೇ ಇಲ್ಲ. ಸೀಲ್ ಆಗಿರುವ, ಒಳಗೇನಿದೆ ಎಂದು ಇಂಗ್ಲಿಷಿನಲ್ಲಿ ಅಚ್ಚಾದ ಡಬ್ಬವೇ ಒಳ್ಳೆಯದು. ಮನೆಯದೇ ಕೊಡಬೇಕೆಂಬ ಆಸೆಯಿದ್ದರೆ ಗೋಡಂಬಿಗೆ "ಕ್ಯಾಶ್ಯೂ", ಎಳ್ಳಿಗೆ "ಸೆಸಮಿ" ಎಂದು ಇಂಗ್ಲಿಷಿನಲ್ಲಿ ದಪ್ಪಕ್ಷರದ ಚೀಟಿ ಅಂಟಿಸಿ. ವೈನ್ ಬಾಟಲಿ ಬೇಡ. ಕೆಲಸದ ವೇಳೆ ಅದನ್ನು ಅಂಚೆ ಗಾಡಿಯಲ್ಲಿ ದಿನವಿಡೀ ಇಟ್ಟುಕೊಂಡು ತಿರುಗಬೇಕಾಗುತ್ತದೆ.

ಪ್ರಶ್ನೆ (ಪ್ಲೇನೋ, ಟೆಕ್ಸಸ್): ನಮ್ಮದು ರಸ್ತೆ ಕೊನೆಯ ಕ್ಲಸ್ಟರ್ ಬಾಕ್ಸ್, ಹದಿನಾರು ಮನೆಗೆ ಒಂದೇ ಕಂಬ. ಕ್ಯಾರಿಯರ್ ಮುಖವನ್ನೇ ನೋಡಿಲ್ಲ. ಕಾರ್ಡು ತಲುಪಿಸೋದು ಹೇಗೆ?

ಉತ್ತರ (ಅಂಚೆ ಸೂಪರ್‌ವೈಸರ್): ನಿಮ್ಮ ಖಾನೆಯಲ್ಲಿ ಇಡಬೇಡಿ. ಕ್ಯಾರಿಯರ್ ಇಡೀ ಮುಂಬಾಗಿಲು ತೆಗೆದು ಎಲ್ಲ ಖಾನೆಗೂ ಒಂದೇ ಸಮ ತುಂಬುತ್ತಾ ಹೋಗುತ್ತಾರೆ. ಒಳಗಿರುವ ಲಕೋಟೆ ಅವರ ಕಣ್ಣಿಗೆ ನೀವು ನಿನ್ನೆ ತೆಗೆಯದೆ ಬಿಟ್ಟ ಟಪಾಲು. ಅದರ ಮೇಲೇ ಇವತ್ತಿನ ಜಾಹೀರಾತು ಬೀಳುತ್ತದೆ. ಅದೇ ಕಂಬದಲ್ಲಿ ಹೊರಹೋಗುವ ಟಪಾಲಿಗೆಂದು ಸಣ್ಣ ಸೀಳಿರುತ್ತದೆ, ಕಾರ್ಡನ್ನು ಅದರಲ್ಲಿ ಹಾಕಿ. ಅದನ್ನು ಖಾಲಿ ಮಾಡುವವರು ಅವರೇ.

ಲಕೋಟೆ ಮೇಲೆ ಇಂಗ್ಲಿಷಿನಲ್ಲಿ "ಫಾರ್ ಅವರ್ ರೆಗ್ಯುಲರ್ ಮೇಲ್ ಕ್ಯಾರಿಯರ್" ಎಂದು ದೊಡ್ಡದಾಗಿ ಬರೆಯಿರಿ. "ರೆಗ್ಯುಲರ್" ಎಂಬ ಪದ ಬಿಡಬೇಡಿ. ಭಾನುವಾರವಲ್ಲದೆ ವಾರಕ್ಕೊಂದು ದಿನ ಕಾಯಂ ಕ್ಯಾರಿಯರ್‌ಗೆ ರಜೆ, ಆ ದಿನ ಬದಲಿಯವರು ಬರುತ್ತಾರೆ. ಭಾನುವಾರ ಪಾರ್ಸಲ್ ತರುವವರು ಸಾಮಾನ್ಯವಾಗಿ ಬೇರೆಯೇ ಜನ. ಸ್ಟಾಂಪಿನ ಜಾಗ ಖಾಲಿ ಬಿಡಿ, ವಿಳಾಸದ ರೀತಿಯಲ್ಲಿ ಏನೂ ಬರೆಯಬೇಡಿ, ಇಲ್ಲದಿದ್ದರೆ ಸ್ಟಾಂಪಿಲ್ಲದ ಕಾಗದ ಎಂದು ಪಕ್ಕಕ್ಕೆ ಹೋಗಿಬಿಡಬಹುದು. ನಿಮ್ಮ ಹೆಸರು, ಮನೆ ನಂಬರ್ ಒಳಗಿನ ಕಾರ್ಡಿನಲ್ಲಿರಲಿ.

ಮನೆ ಮುಂದೆ ಒಂಟಿ ಡಬ್ಬ ಇರುವವರು ಅದರ ಪಕ್ಕದ ಕೆಂಪು ಬಾವುಟ ಎತ್ತಿಡಬೇಕು. ಅವತ್ತು ನಿಮಗೆ ಟಪಾಲೇ ಇಲ್ಲದಿದ್ದರೆ, ಬಾವುಟ ಇಳಿದಿದ್ದರೆ ಗಾಡಿ ನಿಲ್ಲದೆ ಮುಂದೆ ಹೋಗುತ್ತದೆ. ಕಾರ್ಡು ಮೂರು ದಿನ ಒಳಗೇ ಕೂತಿರುತ್ತದೆ.

ಡಿಸೆಂಬರ್ 24ಕ್ಕೆ ಕಾಯಬೇಡಿ, ಎರಡನೇ ವಾರವೇ ಮುಗಿಸಿ. ದುಡ್ಡಿಲ್ಲದೆ ಕೊಡಬಹುದಾದದ್ದೂ ಇದೆ. ಕ್ಯಾರಿಯರ್ ಕೆಲಸ ಹೊಗಳಿ ಸ್ಥಳೀಯ ಪೋಸ್ಟ್‌ಮಾಸ್ಟರ್‌ಗೆ ಒಂದು ಪತ್ರ ಬರೆಯಿರಿ, ರೂಟ್ ನಂಬರೋ ನಿಮ್ಮ ರಸ್ತೆ ಹೆಸರೋ ಇದ್ದರೆ ಸಾಕು. ಇದಕ್ಕೆ 20 ಡಾಲರ್ ಮಿತಿ ಇಲ್ಲ. ಇದರ ಬೆಲೆ ಕಾಫಿ ಕಾರ್ಡಿಗಿಂತ ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ, ಬರೆಯುವವರು ಮಾತ್ರ ಬಲು ಕಮ್ಮಿ.

ಪ್ರಶ್ನೆ (ಮಿನಿಯಾಪೊಲಿಸ್): ಪಾರ್ಸಲ್ ತರೋ ಯುಪಿಎಸ್, ಫೆಡೆಕ್ಸ್, ಅಮೆಜಾನ್‌ನವರಿಗೂ ಇದೇ 20 ಡಾಲರಾ?

ಉತ್ತರ (ಅಂಚೆ ಸೂಪರ್‌ವೈಸರ್): ಇಲ್ಲ, ಅವರು ಸರ್ಕಾರಿ ನೌಕರರಲ್ಲ, ಅವರವರ ಕಂಪನಿ ನಿಯಮ ಅವರವರಿಗೆ. ಫೆಡೆಕ್ಸ್ ನಗದು ಬೇಡ ಅನ್ನುತ್ತದೆ. ನಿಮ್ಮ ಬೀದಿಗೆ ವರ್ಷವಿಡೀ ಒಬ್ಬರೇ ಯುಪಿಎಸ್ ಡ್ರೈವರ್ ಬರುತ್ತಿದ್ದರೆ 10ರಿಂದ 20 ಡಾಲರಿನ ಕಾರ್ಡು ಕೈಗೇ ಕೊಡಿ. ಅಮೆಜಾನ್ ವ್ಯಾನಿನವರು ಬಹುಪಾಲು ಗುತ್ತಿಗೆ ಕಂಪನಿಗಳ ಕೆಲಸಗಾರರು, ದಿನಕ್ಕೊಬ್ಬರು. ಅಲ್ಲಿ ಒಬ್ಬರನ್ನೇ ಆರಿಸಿ ಕೊಡುವುದು ಕಷ್ಟ.

ಇವರೆಲ್ಲರಿಗೂ ಸಲ್ಲುವುದು ಬಾಗಿಲ ಬಳಿಯ ಬುಟ್ಟಿ. ಒಂದೊಂದೇ ಪ್ಯಾಕಾಗಿರುವ ಚಿಪ್ಸು, ಗ್ರಾನೋಲಾ ಬಾರು, ನೀರಿನ ಬಾಟಲಿ ಇಟ್ಟು "ಡೆಲಿವರಿಯವರಿಗೆ, ದಯವಿಟ್ಟು ತೆಗೆದುಕೊಳ್ಳಿ" ಎಂದು ಚೀಟಿ ಅಂಟಿಸಿ. ಊಟವಲ್ಲದ ಲಘು ತಿಂಡಿ, ಕಾಫಿ ಫೆಡರಲ್ ನಿಯಮದಲ್ಲಿ ಉಡುಗೊರೆಯೆಂದೇ ಲೆಕ್ಕವಿಲ್ಲ, ಹಾಗಾಗಿ ಅಂಚೆಯವರೂ ಧೈರ್ಯವಾಗಿ ಎತ್ತಿಕೊಳ್ಳಬಹುದು. ನಿಮ್ಮ ಮಿನಿಯಾಪೊಲಿಸ್ ಚಳಿಗೆ ನೀರು ಹೊರಗಿಟ್ಟರೆ ಕಲ್ಲಾಗುತ್ತದೆ. ಅದರ ಬದಲು ಕೈ ಬಿಸಿ ಮಾಡಿಕೊಳ್ಳುವ ಹ್ಯಾಂಡ್ ವಾರ್ಮರ್ ಪೊಟ್ಟಣ ಇಡಿ. ಮೆಟ್ಟಿಲ ಮೇಲಿನ ಹಿಮ ಕೆರೆದು ಉಪ್ಪು ಹಾಕಿ, ಬೇಗ ಕತ್ತಲಾಗುವುದರಿಂದ ನಾಲ್ಕೂವರೆಗೇ ಹೊರಗಿನ ದೀಪ ಹಾಕಿಬಿಡಿ.

ಪ್ರಶ್ನೆ (ಕ್ವೀನ್ಸ್, ನ್ಯೂಯಾರ್ಕ್): ಅಕ್ಟೋಬರಲ್ಲಿ ಡೋರ್‌ಮ್ಯಾನ್ (ಬಾಗಿಲು ಕಾಯೋರು) ಇರೋ ಬಿಲ್ಡಿಂಗಿಗೆ ಬಂದ್ವಿ. ಲಿಫ್ಟ್ ಪಕ್ಕ ಏಳು ಜನ ಕೆಲಸದವರ ಹೆಸರಿನ ಪಟ್ಟಿ ಹಾಕಿದ್ದಾರೆ. ಅಷ್ಟೂ ಜನಕ್ಕೆ ಕೊಡಬೇಕಾ? ಕಸದವರಿಗೆ?

ಉತ್ತರ (ಕಟ್ಟಡ ಮ್ಯಾನೇಜರ್, ನ್ಯೂಯಾರ್ಕ್): ಇಲ್ಲಿ ಅಂಚೆಯ ಲೆಕ್ಕ ಪೂರ್ತಿ ಉಲ್ಟಾ, ನಗದೇ ರೂಢಿ. ಮಧ್ಯಮ ಬಾಡಿಗೆಯ ಕಟ್ಟಡದಲ್ಲಿ ಸೂಪರ್‌ಗೆ (ಕಟ್ಟಡದ ಉಸ್ತುವಾರಿ, ರಿಪೇರಿ ನೋಡಿಕೊಳ್ಳುವವರು) 100, ನಾಲ್ಕು ಡೋರ್‌ಮ್ಯಾನ್‌ಗಳಿಗೆ ತಲಾ 40, ಸ್ವಚ್ಛತೆ, ಸಾಮಾನು ನೋಡಿಕೊಳ್ಳುವ ಇಬ್ಬರು ಪೋರ್ಟರ್‌ಗಳಿಗೆ ತಲಾ 25 ಎಂದಿಟ್ಟುಕೊಂಡರೆ 310 ಆಗುತ್ತದೆ. ದುಬಾರಿ ಕಟ್ಟಡಗಳಲ್ಲಿ ಇದರ ಎರಡರಷ್ಟು ಕೊಡುವವರಿದ್ದಾರೆ. ನೀವು ಬಂದು ಮೂರು ತಿಂಗಳಷ್ಟೇ, ಅರ್ಧ ಕೊಟ್ಟರೂ ಯಾರೂ ತಪ್ಪು ತಿಳಿಯುವುದಿಲ್ಲ. ಒಬ್ಬರನ್ನು ಮಾತ್ರ ಬಿಡಬೇಡಿ, ಅದೂ ರಾತ್ರಿ ಪಾಳಿಯವರನ್ನು. ನಿಮ್ಮ ಕಣ್ಣಿಗೆ ಬೀಳದವರು ಅವರೇ, ಮರೆತರೆ ಮನಸ್ಸಿಗೆ ಹಚ್ಚಿಕೊಳ್ಳುವವರೂ ಅವರೇ.

ಹೊಸ ನೋಟು, ಒಬ್ಬೊಬ್ಬರಿಗೂ ಬೇರೆ ಕಾರ್ಡು, ಒಳಗೆ ಫ್ಲಾಟ್ ನಂಬರ್. ಡೆಸ್ಕಿನಲ್ಲಿ ಏಳೂ ಲಕೋಟೆ ಬಿಟ್ಟು ಹೋಗದೆ ಕೈಗೇ ಕೊಡಿ. ಕೆಲವು ಕಟ್ಟಡಗಳಲ್ಲಿ ಎಲ್ಲರಿಂದ ಒಟ್ಟು ಮಾಡಿ ಹಂಚುವ ನಿಧಿ ಇರುತ್ತದೆ, ಮೊದಲು ವಿಚಾರಿಸಿ, ಇಲ್ಲದಿದ್ದರೆ ಎರಡೆರಡು ಸಲ ಕೊಟ್ಟ ಹಾಗಾಗುತ್ತದೆ.

ನ್ಯೂಯಾರ್ಕ್ ನಗರಸಭೆಯ ಕಸದ ಗಾಡಿಯವರಿಗೆ ಏನೂ ಕೊಡುವಂತಿಲ್ಲ, ನಗರದ ನೌಕರರು ಟಿಪ್ ತೆಗೆದುಕೊಳ್ಳುವುದು ನಿಷಿದ್ಧ. ಬೇರೆ ಊರುಗಳಲ್ಲಿ ಖಾಸಗಿ ಕಂಪನಿ ಕಸ ಒಯ್ಯುತ್ತಿದ್ದರೆ ತಲಾ 10ರಿಂದ 20 ಕೊಡುವುದುಂಟು. ತೊಟ್ಟಿಯ ಮುಚ್ಚಳಕ್ಕೆ ಲಕೋಟೆ ಅಂಟಿಸಬೇಡಿ. ಈಗಿನ ಎಷ್ಟೋ ಲಾರಿಗಳಲ್ಲಿ ಯಂತ್ರದ ತೋಳೇ ತೊಟ್ಟಿ ಎತ್ತಿ ಸುರಿಯುತ್ತದೆ, ಡ್ರೈವರ್ ಕೆಳಗಿಳಿಯುವುದೇ ಇಲ್ಲ. ನಿಮ್ಮ ದುಡ್ಡು ಕಸದ ಜೊತೆಗೇ ಹೋಗುತ್ತದೆ.

ಪ್ರಶ್ನೆ (ಬಾಸ್ಟನ್ ಹತ್ತಿರ): ಮಗು ನೋಡಿಕೊಳ್ಳೋ ನ್ಯಾನಿಗೆ, ದೊಡ್ಡವನ ಟೀಚರ್‌ಗೆ?

ಉತ್ತರ (ಸಿಪಿಎ, ಅಂದರೆ ತೆರಿಗೆ ಲೆಕ್ಕಪರಿಶೋಧಕರು): ನ್ಯಾನಿಗೆ ಸಾಮಾನ್ಯವಾಗಿ ಒಂದು ವಾರದ ಸಂಬಳ. ವಾರಕ್ಕೆ 600 ಕೊಡುತ್ತಿದ್ದರೆ 600 ಬೋನಸ್, ಜೊತೆಗೆ ಮಗುವಿನ ಕೈಯಿಂದ ಒಂದು ಸಣ್ಣ ಉಡುಗೊರೆ. ಜನ ಎಡವುವುದು ತೆರಿಗೆಯಲ್ಲಿ. "ಹಬ್ಬದ ಉಡುಗೊರೆ" ಎಂದು ಕಾರ್ಡಿನ ಮೇಲೆ ಬರೆದರೂ ನಿಮ್ಮ ಮನೆ ಕೆಲಸದವರಿಗೆ ಕೊಟ್ಟ ಬೋನಸ್ ಸಂಬಳವೇ. 2025ರಲ್ಲಿ ಒಬ್ಬರಿಗೆ ಕೊಟ್ಟ ನಗದು ಸಂಬಳ 2,800 ಡಾಲರ್ ಮುಟ್ಟಿದ್ದರೆ ಸೋಶಿಯಲ್ ಸೆಕ್ಯೂರಿಟಿ (ಪಿಂಚಣಿ), ಮೆಡಿಕೇರ್ (ವೃದ್ಧರ ಆರೋಗ್ಯ ವಿಮೆ) ತೆರಿಗೆ ಕಟ್ಟಬೇಕಿತ್ತು. 600ರ ಮೇಲೆ ನಿಮ್ಮ ಪಾಲು ಶೇ. 7.65, ಅಂದರೆ 45 ಡಾಲರ್ 90 ಸೆಂಟ್. ಅವರ ಪಾಲೂ ಅಷ್ಟೇ. ಜನವರಿಯಲ್ಲಿ ಅವರಿಗೆ ಕೊಡುವ ವರ್ಷದ ಸಂಬಳದ ಪತ್ರ ಡಬ್ಲ್ಯೂ-2ರಲ್ಲಿ ಇದು ಸೇರಿರಬೇಕು. ಮನೆ ಸ್ವಚ್ಛ ಮಾಡುವವರಿಗೆ ಒಂದು ಸಲದ ಚಾರ್ಜು ಸಾಕು.

ಟೀಚರ್‌ಗೆ ನಗದು ಬೇಡ. ಮ್ಯಾಸಚೂಸೆಟ್ಸ್‌ನಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರು 50 ಡಾಲರ್ ಅಥವಾ ಮೇಲ್ಪಟ್ಟ ಉಡುಗೊರೆಯನ್ನು ಒಬ್ಬ ಪೋಷಕರಿಂದ ತೆಗೆದುಕೊಳ್ಳುವಂತಿಲ್ಲ. ತರಗತಿಯವರೆಲ್ಲ ಸೇರಿ ಕೊಡುವುದಾದರೆ ಶಾಲಾ ವರ್ಷಕ್ಕೆ 150ರವರೆಗೆ ಅವಕಾಶವಿದೆ, ಯಾರು ಎಷ್ಟು ಹಾಕಿದರು ಎಂಬ ಪಟ್ಟಿ ಮಾತ್ರ ಟೀಚರ್ ಕೈಗೆ ಹೋಗಬಾರದು. ವಾಟ್ಸಾಪ್ ಗುಂಪಿನಲ್ಲಿ ವಸೂಲಿ ಮಾಡುವ ತಾಯಂದಿರು ಇದನ್ನು ಗಮನಿಸಿ.

ಪ್ರಶ್ನೆ (ಫ್ರೀಮಾಂಟ್): ಡಿಸೆಂಬರೆಲ್ಲ ಬೆಂಗಳೂರಲ್ಲಿರ್ತೀವಿ. ಬಂದ ಮೇಲೆ ಸಂಕ್ರಾಂತಿಗೆ ಕೊಟ್ಟರೆ ನಡೆಯುತ್ತಾ?

ಉತ್ತರ (ಅಂಚೆ ಸೂಪರ್‌ವೈಸರ್): ನಡೆಯುತ್ತದೆ. ಜನವರಿ 1ರಿಂದ ಹೊಸ 50 ಡಾಲರ್ ಲೆಕ್ಕ ಶುರು. ಎಳ್ಳು-ಬೆಲ್ಲ ಕೊಡುವುದಾದರೆ ಕಡಲೆಕಾಯಿ, ಎಳ್ಳು ಇದೆಯೆಂದು ಚೀಟಿ ಇರಲಿ. ಊರಿಗೆ ಹೊರಡುವ ಮೊದಲು ಟಪಾಲು ತಡೆಹಿಡಿಯಲು ಹೋಲ್ಡ್ ಮೇಲ್ ಅರ್ಜಿ ಹಾಕಿ, 30 ದಿನದವರೆಗೆ ಅಂಚೆ ಕಚೇರಿಯಲ್ಲೇ ಇಟ್ಟಿರುತ್ತಾರೆ. ತುಂಬಿ ತುಳುಕುವ ಡಬ್ಬಕ್ಕೆ ದಿನಾ ಕಾಗದ ತುರುಕುವ ಪಾಡು ಕ್ಯಾರಿಯರ್‌ಗೆ ತಪ್ಪುತ್ತದೆ.