ಅಜ್ಜನ ಕಾಲದ ಬಾಟ್ಲಿಗಳನ್ನು ಏನು ಮಾಡಲಿ? ಅನುಭವ ಇದ್ದವರು ಹೇಳಿ

ಬಾಗಲಕೋಟೆ ನವನಗರದಿಂದ ಕೇಳಿದ್ದು:
ಎಲ್ಲರಿಗೂ ನಮಸ್ಕಾರ. ಹಳೇ ಬಾಗಲಕೋಟೆಯ ನಮ್ಮ ಮನೆ ಮುಳುಗಡೆಗೆ ಹೋದಾಗ ಮಾವನವರು ಒಂದು ಟ್ರಂಕು ತಂದಿಟ್ಟಿದ್ದರು. ಈಗ ತೆಗೆದು ನೋಡಿದರೆ ಬರೀ ಬಾಟ್ಲಿಗಳು. ಗೋಲಿ ಸೋಡಾದ್ದು, ಔಷಧಿಯದ್ದು, ಒಂದೆರಡು ಕಡುನೀಲಿ, ಗಾಜಿನ ಬಿರಡೆಯ ಅತ್ತರ್ ಸೀಸೆ, ಮಸಿ ದೌತಿ. ಮಾವನವರ ತಂದೆ ಕಂಪೌಂಡರ್ ಆಗಿದ್ದರಂತೆ. ಮನೆಯಲ್ಲಿ ಗುಜರಿಗೆ ಹಾಕು ಅಂತಾರೆ, ನನಗೆ ಮನಸ್ಸಿಲ್ಲ. ಇವು ನಿಜವಾಗಿ ಹಳೇವಾ? ತೊಳೆಯೋದು ಹೇಗೆ? ಬಣ್ಣ ಹಚ್ಚಿ ಹಾಲ್‌ನಲ್ಲಿ ಇಟ್ಟರೆ ಚೆನ್ನಾಗಿರುತ್ತಾ?

ಬೆಳಗಾವಿಯಿಂದ:
ಅಕ್ಕಾ, ಗುಜರಿಗೆ ಮಾತ್ರ ಹಾಕಬೇಡಿ. ಬಣ್ಣವನ್ನಂತೂ ಮುಟ್ಟಿಸಲೇಬೇಡಿ. ಬಣ್ಣ ಬಳಿದರೆ ಗುರುತೆಲ್ಲ ಮುಚ್ಚಿಹೋಗುತ್ತೆ, ಆಮೇಲೆ ಅದು ಯಾವ ಕಾಲದ್ದು ಅಂತ ಯಾರೂ ಹೇಳೋಕಾಗಲ್ಲ.

ಒಂದೊಂದನ್ನೇ ಕಿಟಕಿ ಹತ್ತಿರ ಹಿಡಿದು ನೋಡಿ. ಬದಿಯಲ್ಲಿ ಅಚ್ಚಿನ ಗೆರೆ ಇರುತ್ತೆ. ಅದರ ಮೇಲೆ ಉಗುರು ಇಟ್ಟು ಮೇಲಕ್ಕೆ ಎಳೆಯಿರಿ. ಗೆರೆ ಬಾಯಿಯ ಅಂಚಿನವರೆಗೂ ಸಿಕ್ಕರೆ ಮಷಿನ್ ಮಾಲು. ಕುತ್ತಿಗೆಯಲ್ಲೇ ಅಳಿಸಿಹೋದರೆ, ಬಾಯಿಯನ್ನು ಯಾರೋ ಕೈಯಾರೆ ತಿದ್ದಿದ್ದಾರೆ. ಪೂರ್ತಿ ತಾನೇ ಬಾಟ್ಲಿ ಮಾಡುವ ಮಷಿನ್ನನ್ನು ಅಮೆರಿಕದ ಮೈಕೆಲ್ ಓವೆನ್ಸ್ ತಂದದ್ದು 1903ರ ಸುಮಾರಿಗೆ. ಅದು ಎಲ್ಲ ಕಡೆ ಹಬ್ಬಲು ಬಹಳ ವರ್ಷ ಬೇಕಾಯಿತು. ಹಾಗಾಗಿ ಗೆರೆ ಒಂದನ್ನೇ ನಂಬಿ ಇಸವಿ ಹೇಳಬಾರದು. ಗಾಜಿನೊಳಗೆ ಗುಳ್ಳೆ ಇವೆಯಾ, ತಳ ಒಂದು ಕಡೆ ದಪ್ಪ ಒಂದು ಕಡೆ ತೆಳು ಇದೆಯಾ, ಮೈ ಸ್ವಲ್ಪ ವಾಲಿದೆಯಾ, ಎಲ್ಲಾ ಸೇರಿಸಿ ನೋಡಬೇಕು.

ಗೋಲಿ ಸೋಡಾ ಬಾಟ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಅನ್ನೋರು 1872ರಲ್ಲಿ ಪೇಟೆಂಟ್ ತಗೊಂಡದ್ದು. ಸೋಡಾ ತುಂಬುವಾಗ ಬಾಟ್ಲಿ ತಲೆಕೆಳಗಿರುತ್ತೆ. ಗ್ಯಾಸಿನ ಒತ್ತಡಕ್ಕೆ ಗೋಲಿ ಬಾಯಿಯ ರಬ್ಬರ್ ಉಂಗುರಕ್ಕೆ ಒತ್ತಿ ಕೂರುತ್ತೆ. ಕುತ್ತಿಗೆಯಲ್ಲಿ ಚಿವುಟಿದ ಹಾಗೆ ಗುಳಿ ಇರುತ್ತಲ್ವಾ, ಕುಡಿಯುವಾಗ ಗೋಲಿ ಮತ್ತೆ ಬಾಯಿಗೆ ಉರುಳದೆ ಅಲ್ಲಿ ತಡೆದು ನಿಲ್ಲಲಿ ಅಂತ. ಆದರೆ ನಮ್ಮ ಕಡೆ ಗೋಲಿ ಸೋಡಾ ಇನ್ನೂ ನಿಂತಿಲ್ಲ, ಹೊಸ ಬಾಟ್ಲಿಗಳೂ ಇವೆ. ಗೋಲಿ ಇದೆ ಅಂದ ಮಾತ್ರಕ್ಕೆ ಅದು ಬ್ರಿಟಿಷರ ಕಾಲದ್ದು ಅಂತಲ್ಲ.

ಉಬ್ಬಕ್ಷರದಲ್ಲಿ ಊರಿನ ಹೆಸರು ಇದ್ದರೆ ಅದನ್ನು ಜೋಪಾನವಾಗಿ ಇಡಿ. ನಮ್ಮ ಊರಿನದ್ದೇ ಬಾಟ್ಲಿ ಅಂದರೆ ಅದರ ತೂಕವೇ ಬೇರೆ. ಕೆಲವರು ‘ಬೆಲ್ಗಾಮ್’, ‘ಬಿಜಾಪುರ್’ ಅಂತ ಇದ್ದರೆ ಸಾಕು, ನೂರು ವರ್ಷದ್ದು ಅಂತ ಮಾರ್ತಾರೆ. ಆ ಹೆಸರುಗಳು ಅಧಿಕೃತವಾಗಿ ಬದಲಾಗಿದ್ದು 2014ರ ನವೆಂಬರ್ 1ಕ್ಕೆ. ಅಲ್ಲಿವರೆಗೂ ಹಾಗೇ ಬರೆಯುತ್ತಿದ್ದರು.

ಬಾಗಲಕೋಟೆಯಿಂದ, ಔಷಧಿ ಅಂಗಡಿಯವರು:
ಮೇಡಂ, ತೊಳೆಯೋಕ್ಕಿಂತ ಮೊದಲು ಇದನ್ನು ಓದಿ. ಕಂಪೌಂಡರ್ ಇಟ್ಟ ಬಾಟ್ಲಿ ಅಂದಿರಿ. ಒಳಗೆ ಪುಡಿ, ಅಂಟು, ಒಣಗಿದ ಕಲೆ ಏನಿದ್ದರೂ ಮೂಸಿ ನೋಡಬೇಡಿ. ಸಿಂಕಿಗೂ ಸುರಿಯಬೇಡಿ. ನೀಲಿಯದ್ದಕ್ಕೆ ಆರು ಮೂಲೆ ಇದ್ದು, ಮೈ ತುಂಬಾ ಏಣು ಏಣಾಗಿ ಗೆರೆ ಇದ್ದರೆ ಅದು ವಿಷದ ಬಾಟ್ಲಿ ಇರಬಹುದು. ರಾತ್ರಿ ಕತ್ತಲಲ್ಲಿ ಕೈಗೆ ಸಿಕ್ಕರೂ ಗೊತ್ತಾಗಲಿ ಅಂತಲೇ ಹಾಗೆ ಮಾಡುತ್ತಿದ್ದರು. ‘ನಾಟ್ ಟು ಬಿ ಟೇಕನ್’, ಅಂದರೆ ಸೇವಿಸಬಾರದು, ಅಂತ ಇಂಗ್ಲಿಷಿನಲ್ಲಿ ಉಬ್ಬಕ್ಷರವೂ ಇರುತ್ತೆ. ಕೈಗವಸು ಹಾಕಿಕೊಳ್ಳಿ. ಒಳಗೆ ಏನಾದರೂ ಉಳಿದಿದ್ದರೆ ಮುಚ್ಚಳ ಬಿಗಿದು, ಮಕ್ಕಳಿಗೆ ಸಿಗದ ಕಡೆ ಬೇರೆ ಇಟ್ಟು, ಗೊತ್ತಿರುವ ಫಾರ್ಮಸಿಸ್ಟ್‌ಗೆ ತೋರಿಸಿ. ಎಷ್ಟೇ ಚೆನ್ನಾಗಿ ತೊಳೆದರೂ ಈ ಬಾಟ್ಲಿಗಳಲ್ಲಿ ಕುಡಿಯುವ ನೀರು, ಎಣ್ಣೆ ಹಾಕಬೇಡಿ.

ವಿಜಯಪುರದಿಂದ:
ತೊಳೆಯೋದು ನಾನು ಹೇಳ್ತೀನಿ. ಉಗುರುಬೆಚ್ಚಗಿನ ನೀರು, ಸ್ವಲ್ಪ ಪಾತ್ರೆ ಸೋಪು, ಒಂದು ಮುಷ್ಟಿ ಅಕ್ಕಿ. ಬಾಯಿ ಮುಚ್ಚಿ ನಿಧಾನವಾಗಿ ಕುಲುಕಿ. ಮರಳು ಬೇಡ, ಗೀರು ಬೀಳುತ್ತೆ. ತಂತಿ ಬ್ರಷ್ ಬೇಡವೇ ಬೇಡ. ಬಿಸಿನೀರು ಹೊಯ್ದರೆ ಹಳೇ ಗಾಜು ಚಟ್ ಅಂತ ಸೀಳುತ್ತೆ. ನಮ್ಮ ಕಡೆಯ ಬೋರ್ ನೀರು ಬಲು ಗಡಸು, ಬಿಳಿ ಪೊರೆ ಕಟ್ಟುತ್ತೆ. ಅದಕ್ಕೆ ವಿನೆಗರ್ ಹಾಕಿ ರಾತ್ರಿ ಇಡಿ, ಬಿಡುತ್ತೆ. ಕೊನೆಯ ನೀರು ಆರ್‌ಓದ್ದೇ ಇರಲಿ.

ಕೆಲವು ಬಾಟ್ಲಿ ಎಷ್ಟು ತೊಳೆದರೂ ಮಬ್ಬಾಗೇ ಇರುತ್ತವೆ, ಓರೆ ಮಾಡಿದರೆ ಕಾಮನಬಿಲ್ಲಿನ ಬಣ್ಣ ಹೊಡೆಯುತ್ತೆ. ಅದು ಕೊಳೆ ಅಲ್ಲ. ವರ್ಷಗಟ್ಟಲೆ ತೇವದಲ್ಲಿ, ಮಣ್ಣಲ್ಲಿ ಇದ್ದು ಗಾಜಿನ ಮೇಲ್ಪದರವೇ ಸವೆದಿರುತ್ತೆ. ತಿಕ್ಕಬೇಡಿ, ಬಿಟ್ಟುಬಿಡಿ. ನನಗಂತೂ ಹಾಗೆ ಇದ್ದದ್ದೇ ಜಾಸ್ತಿ ಇಷ್ಟ.

ಅತ್ತರ್ ಸೀಸೆಯ ಬಿರಡೆ ಕಚ್ಚಿಕೊಂಡಿದ್ದರೆ ಸುತ್ತ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಬೆಳಿಗ್ಗೆ ಬೆಚ್ಚಗಿನ ಬಟ್ಟೆ ಕುತ್ತಿಗೆಗೆ ಸುತ್ತಿ ಮೆಲ್ಲಗೆ ತಿರುಗಿಸಿ. ಬಿರಡೆಯನ್ನು ಅದರದೇ ಸೀಸೆಗೆ ಅಂತ ಉಜ್ಜಿ ಕೂರಿಸಿರುತ್ತಾರೆ, ಇನ್ನೊಂದಕ್ಕೆ ಸರಿಯಾಗಿ ಕೂರಲ್ಲ. ತೆಗೆದ ಕೂಡಲೇ ದಾರ ಕಟ್ಟಿ ಅದಕ್ಕೇ ಜೋತುಬಿಡಿ.

ನವನಗರದಿಂದ ಮತ್ತೆ:
ತುಂಬಾ ಉಪಕಾರ ಆಯ್ತು. ಔಷಧಿ ಬಾಟ್ಲಿ ಒಂದರ ಬದಿಗೆ ಉದ್ದಕ್ಕೆ ಹಳದಿ ಕಾಗದದ ಪಟ್ಟಿ ಅಂಟಿಸಿದೆ. ಒಂದು ಅಂಚನ್ನು ಹಲ್ಲು ಹಲ್ಲಾಗಿ ಕತ್ತರಿಸಿದ್ದಾರೆ. ಅದನ್ನು ನೆನೆಸಿ ಕೀಳಲಾ?

ಬಾಗಲಕೋಟೆಯ ಔಷಧಿ ಅಂಗಡಿಯವರು:
ಅಯ್ಯೋ, ಕೀಳಬೇಡಿ ಮೇಡಂ! ಆ ಟ್ರಂಕಿನಲ್ಲಿ ಅದಕ್ಕಿಂತ ಬೆಲೆಬಾಳೋದು ಇನ್ನೊಂದಿಲ್ಲ. ಅದು ಡೋಸಿನ ಪಟ್ಟಿ. ಆಗ ಮಿಕ್ಸ್ಚರನ್ನು ದವಾಖಾನೆಯಲ್ಲೇ ಕಲಸಿ ಕೊಡುತ್ತಿದ್ದರು. ಕಂಪೌಂಡರ್ ಕಾಗದ ಮಡಚಿ ಕತ್ತರಿಯಿಂದ ಕಚ್ಚು ಹಾಕಿ ಬಾಟ್ಲಿಗೆ ಅಂಟಿಸೋರು. ಒಂದು ಹೊತ್ತಿಗೆ ಒಂದು ಕಚ್ಚು ಇಳಿಯುವಷ್ಟು ಕುಡಿಯಬೇಕು. ಓದು ಬಾರದವರಿಗೂ ಲೆಕ್ಕ ತಪ್ಪುತ್ತಿರಲಿಲ್ಲ. ನಿಮ್ಮ ಮಾವನವರ ತಂದೆಯೇ ಕತ್ತರಿಸಿದ ಪಟ್ಟಿ ಇರಬಹುದು. ಆ ಬಾಟ್ಲಿಗೆ ನೀರೇ ಬೇಡ, ಒಣ ಬ್ರಷ್‌ನಿಂದ ಧೂಳು ಕೊಡವಿ ಬಿಸಿಲು ಬೀಳದ ಕಡೆ ಇಡಿ.

ಬೆಳಗಾವಿಯಿಂದ, ಇನ್ನೊಬ್ಬರು:
ಜೋಡಿಸೋ ವಿಷಯ ಯಾರೂ ಹೇಳಲಿಲ್ಲ, ಅದಕ್ಕೆ ಬರೀತಿದ್ದೀನಿ. ಗಾಜಿಗೆ ಹಿಂದಿನಿಂದ ಬೆಳಕು ಬೇಕು. ಷೋಕೇಸಿನ ಕತ್ತಲಲ್ಲಿ ಇಟ್ಟರೆ ಸತ್ತಂತೆ ಕಾಣುತ್ತವೆ. ಕಿಟಕಿಗೆ ಅಡ್ಡ ಒಂದು ಹಲಗೆ ಹಾಕಿ, ಹಸಿರು, ನೀಲಿ, ಕಂದು ದೂರ ದೂರ ಇಡಿ. ಒತ್ತೊತ್ತಾಗಿ ತುಂಬಬೇಡಿ. ಹಳೇ ಮನೆಯ ಗೋಡೆಯ ಮಾಡದಲ್ಲಿ ಒಂದೇ ಒಂದು ಬಾಟ್ಲಿ ಇಟ್ಟರೂ ಎಷ್ಟು ಚೆಂದ ಕಾಣುತ್ತೆ! ನವನಗರದ ಮನೆಯಲ್ಲಿ ಮಾಡ ಇರಲಿಕ್ಕಿಲ್ಲ, ಗೋಡೆಗೆ ಸಣ್ಣ ಪೆಟ್ಟಿಗೆ ಮಾಡಿಸಿ, ಹಿಂದೆ ಎಲ್‌ಇಡಿ ಪಟ್ಟಿ ಹಾಕಿಸಿ.

ಬಣ್ಣವಿಲ್ಲದ ಗಾಜಿನಲ್ಲಿ ಮ್ಯಾಂಗನೀಸ್ ಇದ್ದರೆ ವರ್ಷಗಟ್ಟಲೆ ಬಿಸಿಲಿಗೆ ನಸುನೇರಳೆಗೆ ತಿರುಗುತ್ತೆ. ಹಾಗೆ ಆಗೋದು ಬೇಡ ಅಂದರೆ ಅದನ್ನು ಬಿಸಿಲಿಗೆ ಇಡಬೇಡಿ. ತಳಕ್ಕೆ ಚೂರು ಜೇನುಮೇಣ ಹಚ್ಚಿ ಒತ್ತಿ ಕೂರಿಸಿದರೆ ಬಾಗಿಲು ಬಡಿದರೂ ಅಲುಗಲ್ಲ. ಮನಿಪ್ಲಾಂಟ್ ಹಾಕುವ ಆಸೆ ಇದ್ದರೆ ಮಷಿನ್ ಬಾಟ್ಲಿಗೆ ಹಾಕಿ. ನೀರು ತುಂಬಿದ ಗುಂಡನೆಯ ಬಾಟ್ಲಿಯನ್ನು ಮಾತ್ರ ಬಿಸಿಲಿನ ಕಿಟಕಿಯಲ್ಲಿ ಪರದೆ ಪಕ್ಕ ಇಡಬೇಡಿ. ಅದು ಭೂತಗನ್ನಡಿ ತರ ಬಿಸಿಲನ್ನು ಒಂದೇ ಕಡೆ ಸೇರಿಸುತ್ತೆ, ಬಟ್ಟೆ ಸುಡೋದು ಉಂಟು.