ಭಾನುವಾರದ ಗ್ಯಾರೇಜ್ ಪ್ರಶ್ನೋತ್ತರ: ಕೋಲ್ಡ್ ಏರ್ ಇನ್‌ಟೇಕ್ ಹಾಕ್ಸೋದಾ ಬೇಡ್ವಾ

ಗ್ಯಾರೇಜ್ ಅಣ್ಣ (ಚಿಕ್ಕಮಗಳೂರು): ಕೇಳ್ರಪ್ಪಾ, ಊಟದ ಹೊತ್ತಿನವರೆಗೂ ಇರ್ತೀನಿ. ಇವತ್ತು ಕೋಲ್ಡ್ ಏರ್ ಇನ್‌ಟೇಕ್, ಅಂದ್ರೆ ಇಂಜಿನ್ನಿಗೆ ತಣ್ಣನೆ ಗಾಳಿ ಎಳೆಯಕ್ಕೆ ಅಂತ ಹೊರಗಿಂದ ಹಾಕ್ಸೋ ಪೈಪು, ಫಿಲ್ಟರು. ಫಾರ್ವರ್ಡ್ ಮಾತ್ರ ಹಾಕ್ಬೇಡಿ.

ಹಾಸನ ಸ್ವಿಫ್ಟ್: ಅಣ್ಣ, ಇನ್‌ಟೇಕ್ ಹಾಕಿದ್ರೆ ಎಷ್ಟು ಪವರ್ ಬರುತ್ತೆ? ಬೆಂಗಳೂರಲ್ಲಿ ಒಬ್ರು 20 ಎಚ್‌ಪಿ ಅಂದ್ರು

ಗ್ಯಾರೇಜ್ ಅಣ್ಣ: 20 ಅಂದವನ ಹತ್ರ ಡೈನೋ ಶೀಟ್ (ಮೆಷಿನ್ ಮೇಲೆ ಪವರ್ ಅಳೆದ ಚೀಟಿ) ಕೇಳು, ಆಮೇಲೆ ಫೋನ್ ಎತ್ತಲ್ಲ ಅವ್ನು. ಗಾಳಿ ತಣ್ಣಗಿದ್ದಷ್ಟೂ ಒತ್ತಾಗಿರುತ್ತೆ, ಅಷ್ಟೇ ಜಾಗದಲ್ಲಿ ಆಕ್ಸಿಜನ್ ಜಾಸ್ತಿ, ಅದಕ್ಕೆ ತಕ್ಕಂಗೆ ಇಸಿಯು (ಇಂಜಿನ್ ಕಂಪ್ಯೂಟರ್) ಪೆಟ್ರೋಲ್ ಜಾಸ್ತಿ ಬಿಡುತ್ತೆ, ಕತೆ ಇಷ್ಟೇ. ಸುಮಾರು 3 ಡಿಗ್ರಿ ಇಳಿದ್ರೆ 1 ಪರ್ಸೆಂಟ್ ಗಾಳಿ ಜಾಸ್ತಿ. ಆದ್ರೆ ಈಗಿನ ಹೆಚ್ಚಿನ ಗಾಡಿಗೆ ಕಂಪ್ನಿಯವ್ರೇ ಮುಂದಿನ ಗ್ರಿಲ್ ಕಡೆಯಿಂದ ಹೊರಗಿನ ಗಾಳಿ ಎಳೆಯೋ ಪೈಪ್ ಕೊಟ್ಟಿರ್ತಾರೆ. ಅದನ್ನ ಕಿತ್ತಾಕಿ ಬಾನೆಟ್ ಒಳಗೆ ಬೋಳು ಕೋನ್ ಫಿಲ್ಟರ್ ಕೂರ್ಸಿದ್ರೆ ರೇಡಿಯೇಟರ್ ಹಿಂದಿನ ಬಿಸಿಗಾಳಿ ಕುಡಿಯುತ್ತೆ. ಹೊರಗೆ 24 ಡಿಗ್ರಿ, ಒಳಗೆ 60 ಅಂದ್ಕೋ, 10 ಪರ್ಸೆಂಟ್ ಗಾಳಿ ಹೋಯ್ತು. ದುಡ್ಡು ಕೊಟ್ಟು ಪವರ್ ಕಳ್ಕೊಂಡಂಗೆ.

ಬೇಲೂರು ಐ20: ನಾನು ಹಾಕ್ಸಿದೀನಿ, ಪಿಕಪ್ ಚೆನ್ನಾಗೇ ಇದೆ

ಹಾಸನ ಸ್ವಿಫ್ಟ್: ಅದು ಪಿಕಪ್ ಅಲ್ಲ ಗುರೂ, ಸೌಂಡು. ಫಿಲ್ಟರ್ ಕೂರೋ ಏರ್‌ಬಾಕ್ಸ್ ತೆಗೆದ್ರೆ ಯಾವ ಗಾಡಿನೂ ಗುರ್ ಅನ್ನುತ್ತೆ

ಬೇಲೂರು ಐ20: ಬಾ ಹಗರೆ ಹತ್ರ, ನೋಡೇಬಿಡೋಣ

ಗ್ಯಾರೇಜ್ ಅಣ್ಣ: ಜನ ಓಡಾಡೋ ರಸ್ತೆ ಅದು. ಸುಮ್ನಿರಿ ಇಬ್ರೂ.

ಆಲ್ದೂರು ಪೋಲೊ: ಅಣ್ಣ ನಂದು ಟರ್ಬೊ ಪೆಟ್ರೋಲ್, ಎಷ್ಟು ಎಚ್‌ಪಿ ಬರ್ಬೋದು

ಗ್ಯಾರೇಜ್ ಅಣ್ಣ: ಟರ್ಬೊ ಗಾಳಿನ ಒತ್ತಿ 100 ಡಿಗ್ರಿ ಮೇಲೆ ಬಿಸಿ ಮಾಡುತ್ತೆ, ಆಮೇಲೆ ತಣ್ಣಗೆ ಮಾಡೋದು ಇಂಟರ್‌ಕೂಲರ್. ಫಿಲ್ಟರ್ ಹತ್ರ ನೀನು 5 ಡಿಗ್ರಿ ಉಳ್ಸಿದ್ರೆ ಅದು ಅಲ್ಲೇ ಕರಗೋಗುತ್ತೆ. ಇಂಟರ್‌ಕೂಲರ್ ಮೇಲಿರೋ ಕೆಸರು ತೊಳಿ ಮೊದ್ಲು.

ಬೇಲೂರು ಐ20: ಹಂಗಿದ್ರೆ ಮುಳ್ಳಯ್ಯನಗಿರಿ ಮೇಲೆ ಅಷ್ಟು ಚಳಿ, ಅಲ್ಲಿ ಗಾಡಿ ಹಾರ್ಬೇಕಲ್ವಾ? ಯಾಕೆ ಎಳೆಯಲ್ಲ?

ಗ್ಯಾರೇಜ್ ಅಣ್ಣ: ಇದು ಪ್ರಶ್ನೆ! ಅದು 1,900 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಒತ್ತಡವೇ ಮಂಗಳೂರಿಗಿಂತ ಸುಮಾರು 20 ಪರ್ಸೆಂಟ್ ಕಮ್ಮಿ. ಚಳಿಯಿಂದ 4 ಪರ್ಸೆಂಟ್ ವಾಪಸ್ ಬರ್ಬೋದು, ಮಿಕ್ಕಿದ್ದು ನಷ್ಟಾನೇ. ಟರ್ಬೊ ಗಾಡಿಗೆ ಅಷ್ಟು ಗೊತ್ತಾಗಲ್ಲ, ಮಾಮೂಲಿ ಪೆಟ್ರೋಲ್ ಗಾಡಿ ಏದುಸಿರು ಬಿಡುತ್ತೆ.

ಮೂಡಿಗೆರೆ ಮೇಷ್ಟ್ರು: ಫಾರ್ವರ್ಡ್ ಬಂದದ್ದು: ಟ್ಯಾಂಕಿಗೆ 4 ನುಸಿ ಗುಳಿಗೆ ಹಾಕಿ, ಏರ್ ಫಿಲ್ಟರ್‌ಗೆ ಎಣ್ಣೆ ಹಚ್ಚಿ, ಮೈಲೇಜ್ ಮತ್ತು ಪವರ್ ಎರಡೂ ಹೆಚ್ಚುತ್ತೆ 🙏

ಗ್ಯಾರೇಜ್ ಅಣ್ಣ: ಮೇಷ್ಟ್ರೆ, ನುಸಿ ಗುಳಿಗೆ ಬಟ್ಟೆ ಪೆಟ್ಟಿಗೇಲಿರ್ಲಿ. ಪೇಪರ್ ಫಿಲ್ಟರ್‌ಗೆ ಎಣ್ಣೆ ಹಚ್ಚಿದ್ರೆ ಗಾಳಿ ಕಟ್ಟುತ್ತೆ. ಎಣ್ಣೆ ಹಾಕೋ ಕಾಟನ್ ಫಿಲ್ಟರ್ ಬೇರೆ, ಅದಕ್ಕೂ ಜಾಸ್ತಿ ಹಾಕಿದ್ರೆ ಗಾಳಿ ಅಳೆಯೋ ಏರ್‌ಫ್ಲೋ ಸೆನ್ಸರ್ ವೈರಿಗೆ ಹತ್ತಿ ರೀಡಿಂಗ್ ತಪ್ಪಿ ಚೆಕ್ ಲೈಟ್ ಬರುತ್ತೆ.

ಅರಸೀಕೆರೆ ಆಲ್ಟೊ: ಅಣ್ಣ ಆಲ್ಟೊಗೆ ಎಷ್ಟು ಎಚ್‌ಪಿ

ಗ್ಯಾರೇಜ್ ಅಣ್ಣ: ಮೇಲೆ ಓದಿ.

ಬಾಳೂರು ಡೀಸೆಲ್: ಅಣ್ಣ ಸ್ವಲ್ಪ ಅರ್ಜೆಂಟು. ಹೋದ ತಿಂಗಳು ಇನ್‌ಟೇಕ್ ಹಾಕ್ಸಿದ್ದೆ, ಫಿಲ್ಟರ್ ಬಂಪರ್ ಕೆಳಗೆ ಫಾಗ್ ಲ್ಯಾಂಪ್ ಹತ್ರ ಬರುತ್ತೆ. ರಾತ್ರಿ ತೋಟದ ರಸ್ತೇಲಿ ಹಳ್ಳ ಉಕ್ಕಿತ್ತು, ದಾಟ್ಬೇಕಾದ್ರೆ ಟಕ್ ಅಂತ ನಿಂತೋಯ್ತು. ಒಣಗಿದ್ಮೇಲೆ ಸೆಲ್ಫ್ ಹೊಡಿ ಅಂತಾರೆ ಎಲ್ರೂ

ಗ್ಯಾರೇಜ್ ಅಣ್ಣ: ಹೊಡೀಬೇಡ. ಕೀ ತೆಗ್ದು ಜೇಬಲ್ಲಿಟ್ಕೋ, ಬ್ಯಾಟರಿ ಮೈನಸ್ ಬಿಚ್ಚು. ತಣ್ಣನೆ ಗಾಳಿ ಸಿಗ್ಲಿ ಅಂತ ಫಿಲ್ಟರ್ ಕೆಳಗಿಳಿಸ್ತಾರಲ್ಲ, ನಮ್ ಕಡೆ ಮಳೆಗಾಲಕ್ಕೆ ಅದು ನೀರೆತ್ತೋ ಪಂಪು. ಗಾಳಿನ ಒತ್ಬೋದು, ನೀರು ಒತ್ತಕ್ಕಾಗಲ್ಲ, ಪಿಸ್ಟನ್ ಮೇಲೆ ಬರ್ಬೇಕಾದ್ರೆ ಸಿಲಿಂಡರಲ್ಲಿ ನೀರಿದ್ರೆ ಪಿಸ್ಟನ್ ಹಿಡಿದಿರೋ ಕನೆಕ್ಟಿಂಗ್ ರಾಡೇ ಬಗ್ಗೋದು. ಫಿಲ್ಟರ್ ಮುಟ್ಟಿ ನೋಡು, ಒದ್ದೆ ಇದ್ಯಾ? ಡಿಪ್‌ಸ್ಟಿಕ್ ಎಳಿ, ಆಯಿಲ್ ಹಾಲು ಹಾಕಿದ ಕಾಫಿ ಬಣ್ಣ ಆಗಿದ್ಯಾ? ಆಗಿದ್ರೆ ನೀರು ಸೇರಿದೆ. ಗ್ಲೋ ಪ್ಲಗ್ (ಸಿಲಿಂಡರ್ ಬಿಸಿ ಮಾಡೋ ಪ್ಲಗ್) ಬಿಚ್ಚಿ, ಇಂಜಿನ್ ತಿರುಗಿಸೋ ಕ್ರ್ಯಾಂಕ್ ಪುಲ್ಲಿಗೆ ಸ್ಪ್ಯಾನರ್ ಹಾಕಿ ಕೈಯಲ್ಲಿ ತಿರುಗಿಸ್ಬೇಕು, ನೀರು ಆಚೆ ಬಂದ್ಮೇಲೆ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡ್ಬೇಕು. ರಾಡ್ ಸ್ವಲ್ಪ ಬಗ್ಗಿದ್ರೂ ಗಾಡಿ ಸ್ಟಾರ್ಟ್ ಆಗ್ಬೋದು, ಅದೇ ಅಪಾಯ, ಎಷ್ಟೋ ದಿನ ಆದ್ಮೇಲೆ ಮುರಿದು ಬ್ಲಾಕ್ ತೂತು ಮಾಡ್ಕೊಂಡು ಆಚೆ ಬರುತ್ತೆ.

ಮೂಡಿಗೆರೆ ಮೇಷ್ಟ್ರು: ನಮ್ಮ ಹಳೇ ಜೀಪಿಗೆ ನೀರು ಹೋದಾಗ ತಳ್ಳಿ ಸ್ಟಾರ್ಟ್ ಮಾಡಿದ್ವಿ, ಏನೂ ಆಗ್ಲಿಲ್ಲ

ಗ್ಯಾರೇಜ್ ಅಣ್ಣ: ಅದು ನಿಮ್ಮ ಪುಣ್ಯ ಮೇಷ್ಟ್ರೆ. ಅವ್ನ ಇಂಜಿನ್ ಮೇಲೆ ಪರೀಕ್ಷೆ ಮಾಡ್ಬೇಡಿ, ದಯವಿಟ್ಟು.

ಬೇಲೂರು ಐ20: ಹಿರಿಯರ ಹತ್ರ ಹಿಂಗಾ ಮಾತಾಡೋದು

ಹಾಸನ ಸ್ವಿಫ್ಟ್: ಸೌಂಡ್ ಗಿರಾಕಿಗೆ ಹಿರಿಯರ ಚಿಂತೆ 😂

ಬೇಲೂರು ಐ20: ನಿನ್ನ ಗಾಡಿ ಇಎಂಐ ಕಟ್ಟು ಮೊದ್ಲು

ಸಕಲೇಶಪುರ ಥಾರ್: ಇನ್ಶೂರೆನ್ಸ್ ಬರುತ್ತಾ ಇದಕ್ಕೆ? ಸ್ನಾರ್ಕೆಲ್ (ಗಾಳಿ ಎತ್ತರದಿಂದ ಎಳೆಯೋ ಪೈಪ್) ಹಾಕ್ಸಿದ್ರೆ ಆರ್‌ಟಿಒ ತೊಂದ್ರೆ ಇದ್ಯಾ?

ಬಾಳೂರು ಡೀಸೆಲ್: ಅಣ್ಣ, ನಿಜ ಹೇಳ್ಬೇಕಂದ್ರೆ ಬೆಳಿಗ್ಗೆ ಮೂರು ಸಲ ಸೆಲ್ಫ್ ಹೊಡೆದೆ. ಕಟ್ ಅಂತ ನಿಲ್ಲುತ್ತೆ. ಫಿಲ್ಟರ್ ಹಿಂಡಿದ್ರೆ ನೀರು ಬರುತ್ತೆ

ಗ್ಯಾರೇಜ್ ಅಣ್ಣ: ಇದನ್ನ ಮೊದ್ಲೇ ಹೇಳೋದಲ್ವೇನೋ ಮಾರಾಯ. ನ್ಯೂಟ್ರಲ್‌ಗೆ ಹಾಕು, ಗೇರಲ್ಲಿಟ್ಟು ಯಾರೂ ಎಳೀಬಾರ್ದು. ಜೀಪ್ ಸಿಗುತ್ತಾ?

ಅರಸೀಕೆರೆ ಆಲ್ಟೊ: ಮೇಲೆ ಓದಿದೆ, ಆಲ್ಟೊ ಅಂತ ಎಲ್ಲೂ ಇಲ್ಲ

ಬಾಳೂರು ಡೀಸೆಲ್: ಚಿಕ್ಕಪ್ಪನ ಜೀಪ್ ಇದೆ. ಕೊಟ್ಟಿಗೆಹಾರದ ತನಕ ತರ್ತೀನಿ

ಗ್ಯಾರೇಜ್ ಅಣ್ಣ: ಅಲ್ಲಿಗೆ ಬರ್ತೀನಿ, ಹೊರಟೆ. ಬಾನೆಟ್ ಮೇಲೆ ಟಾರ್ಪಾಲ್ ಹೊದ್ಸು.